ಕೈಮಾ ದಿಂಬು ಮತ್ತು ಎಡಗಾಲಿನ ಕಿರುಬೆರಳು

ಎಡಗಾಲಿನ ಕಿರುಬೆರಳು ಎಂಬುದೊಂದು ನನಗಿದೆ ಎಂದು ನಲವತ್ತೇಳು ವರ್ಷ ನಾನು ವಿಶೇಷವಾಗಿ ಯೋಚಿಸಿದವನಲ್ಲ. ಯೋಚಿಸಲು ಬೇರೆ ವಿಷಯಗಳಿಗೆ ಕೊರತೆ ಇರಲಿಲ್ಲ. ಗ್ಯಾಸಿನ ರೆಗ್ಯುಲೇಟರ್ ಆಫ್ ಮಾಡಿದ್ದೇನೋ ಇಲ್ಲವೋ, ಬೀಗವನ್ನು ಎಳೆದು ನೋಡಿದ್ದೇನೋ ಇಲ್ಲವೋ, ಹಾಸ್ಟೆಲಿನಲ್ಲಿರುವ ಮಗಳು ಛತ್ರಿ ಮರೆತಳೋ ಏನೋ, ಕಾರ್ಖಾನೆ ಮುಚ್ಚುತ್ತದೆಂದು ಕ್ಯಾಂಟೀನಿನಲ್ಲಿ ಯಾರೋ ಅಂದದ್ದು ನಿಜವೋ ಸುಳ್ಳೋ. ಭದ್ರಾವತಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಬೀಗದ ನೆನಪಾಗಿ ವಾಪಸು ಬಂದು, ಶಿವಮೊಗ್ಗದ ಮದುವೆಯೂಟವನ್ನು ಎರಡು ಸಲ ತಪ್ಪಿಸಿಕೊಂಡವನು ನಾನು. ಇಷ್ಟೆಲ್ಲ ಚಿಂತೆ ಮಾಡುವ ಮನುಷ್ಯ, ಚಿಂತೆ ಮಾಡಲೇಬೇಕಾಗಿದ್ದ ಒಂದನ್ನು ಮಾತ್ರ ನಾಲ್ಕು ವರ್ಷ ಆರಾಮಾಗಿ ಬಿಟ್ಟುಬಿಟ್ಟಿದ್ದೆ. ಅದು ನನ್ನ ಸಕ್ಕರೆ ಕಾಯಿಲೆ.

ನನ್ನಂಥ ಇನ್ನೊಬ್ಬರು ಯಾವುದೋ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು, ಇಂಥ ದಡ್ಡತನ ಮಾಡಿದವನು ಊರಿಗೆಲ್ಲ ನಾನೊಬ್ಬನೇ ಎಂದುಕೊಂಡಿರಬಹುದು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಸರಿದು ಜಾಗ ಕೊಡಿ, ನಾನೂ ಕೂರುತ್ತೇನೆ.

ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ನನಗೆ ಟೈಮ್ ಆಫೀಸಿನ ಕೆಲಸ. ಯಾರು ಎಷ್ಟು ಗಂಟೆಗೆ ಬಂದರು, ಯಾರು ಬರಲಿಲ್ಲ ಎಂದು ನೋಡುವುದು. ಬಾರದವನ ಕಾರ್ಡನ್ನು ಅವನ ಗೆಳೆಯ ಪಂಚ್ ಮಾಡುವುದಕ್ಕೆ ನಮ್ಮಲ್ಲಿ ಪ್ರಾಕ್ಸಿ ಎನ್ನುತ್ತಾರೆ. ಪ್ರಾಕ್ಸಿ ಹಿಡಿಯುವುದರಲ್ಲಿ ನನಗೆ ಸ್ವಲ್ಪ ಹೆಸರಿತ್ತು. ಗೇಟಿನಲ್ಲಿ ನನ್ನನ್ನು ಕಂಡರೆ ಹುಡುಗರು ಬೀಡಿಯನ್ನು ಅಗತ್ಯವಿಲ್ಲದಿದ್ದರೂ ಆರಿಸುತ್ತಿದ್ದರು.

ಸಕ್ಕರೆ ಕಾಯಿಲೆ ಗೊತ್ತಾದದ್ದು ಕಾರ್ಖಾನೆಯ ವಾರ್ಷಿಕ ತಪಾಸಣೆಯಲ್ಲಿ. ಮಾತ್ರೆ ಕೊಟ್ಟರು, ತಿಂಗಳಿಗೊಮ್ಮೆ ಪರೀಕ್ಷೆಗೆ ರಕ್ತ ಕೊಡಿ ಎಂದರು. ಅನ್ನ ಬಿಡಿ ಎಂದು ಊರೆಲ್ಲ ಹೇಳಿತು. ಬಿಟ್ಟೆ. ಸಕ್ಕರೆಗೆ ರಾಗಿ ಒಳ್ಳೆಯದು ಎಂದೂ ಊರೆಲ್ಲ ಹೇಳಿತು. ಒಳ್ಳೆಯದು ಎಷ್ಟಾದರೂ ಒಳ್ಳೆಯದೇ ತಾನೆ? ತೆಂಗಿನಕಾಯಿ ಗಾತ್ರದ ಮುದ್ದೆ ಮಧ್ಯಾಹ್ನ ಎರಡು, ರಾತ್ರಿ ಒಂದೂವರೆ. ರಕ್ತ ಕೊಡುವ ದಿನ ಹತ್ತಿರ ಬಂದಾಗ ಮಾತ್ರ ಎರಡು ದಿನ ಮೊದಲೇ ಮಜ್ಜಿಗೆ, ಸೌತೆಕಾಯಿ, ಕಾರ್ಖಾನೆಯ ರಸ್ತೆಯಲ್ಲಿ ಬಿರುಸಿನ ನಡಿಗೆ. ಪರೀಕ್ಷೆಯ ಹಿಂದಿನ ದಿನ ಓದಿ ಪಾಸಾಗುವ ವಿದ್ಯಾರ್ಥಿಯಂತೆ ಪ್ರತಿ ತಿಂಗಳೂ ಪಾಸಾಗುತ್ತಿದ್ದೆ. ರಿಪೋರ್ಟನ್ನು ಹೆಂಡತಿ ಸರೋಜಳ ಮುಂದೆ ಹಿಡಿದು, "ನೋಡು, ನಾರ್ಮಲ್" ಅನ್ನುತ್ತಿದ್ದೆ. ಪ್ರೈಮರಿ ಶಾಲೆಯ ಟೀಚರ್ ಆದ ಅವಳು ಇಂಥ ಪಾಸುಗಳನ್ನು ಬಹಳ ನೋಡಿದ್ದಳು. "ಹೌದಾ, ಸಂತೋಷ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿರಬೇಕು. ಕಾರ್ಖಾನೆಯಲ್ಲಿ ಹೊಸ ಸೇಫ್ಟಿ ಶೂ ಕೊಟ್ಟರು. ಒಂದು ಸಂಜೆ ಬಟ್ಟೆ ನೆನೆಹಾಕುತ್ತಿದ್ದ ಸರೋಜ ಕಾಲುಚೀಲ ಹಿಡಿದುಕೊಂಡು ಬಂದಳು.

"ರೀ, ಇದೇನಿದು ರಕ್ತ?"

"ಯಾರದು?" ಅಂದೆ. ನಿಜಕ್ಕೂ ಹಾಗೇ ಕೇಳಿದೆ.

ಕಿರುಬೆರಳ ಬದಿಯಲ್ಲಿ ಕಡಲೆಬೇಳೆಯಷ್ಟು ಅಗಲದ ಗಾಯ. ಶೂ ಕಚ್ಚಿ ವಾರವಾಗಿತ್ತೋ ಏನೋ, ನೋವೇ ಇಲ್ಲ. ನೋವಿಲ್ಲದ ಮೇಲೆ ಗಾಯವೇ ಅಲ್ಲ ಎಂದು ಅರಿಶಿನ ಒತ್ತಿದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಬೆರಳು ಊದಿ ಬಣ್ಣ ತಿರುಗಿತು. ಕುಂಸಿಯಲ್ಲಿರುವ ನನ್ನ ಅಣ್ಣ ಬಸ್ಸಿನಲ್ಲಿ ಒಂದು ಚೀಲ ಹಾಗಲಕಾಯಿ ಕಳಿಸಿದ. ಸರೋಜ ಶಾಲೆಗೆ ರಜೆ ಹಾಕಿ ನನ್ನನ್ನು ಶಿವಮೊಗ್ಗಕ್ಕೆ ಹೊರಡಿಸಿದಳು.

ವಿನೋಬನಗರದ ಆ ಕ್ಲಿನಿಕ್ಕಿನಲ್ಲಿ ಎರಡು ಉದ್ದ ಬೆಂಚು, ಮಧ್ಯೆ ಒಂದು ನೀರಿನ ಡ್ರಮ್ಮು. ಪಕ್ಕದಲ್ಲಿ ಕೂತಿದ್ದ ಲಾರಿ ಡ್ರೈವರ್ ಒಬ್ಬರು ಬ್ಯಾಂಡೇಜಿನ ಕಾಲನ್ನು ಮುಂದೆ ಚಾಚಿಕೊಂಡು ನನ್ನ ಕಡೆ ನೋಡಿದರು.

"ನಿಮ್ದು ಯಾವ ಕಾಲು?"

"ಎಡಗಾಲು."

"ನಂದು ಬಲಗಾಲು. ಇಬ್ರೂ ಸೇರಿದ್ರೆ ಒಂದು ಜೊತೆ ಚಪ್ಪಲಿ ಸಾಕು ಬಿಡಿ." ನಕ್ಕರು. ಆಮೇಲೆ ಧ್ವನಿ ತಗ್ಗಿಸಿ, "ಎರಡು ಬೆರಳು ತೆಗ್ದವ್ರೆ ಸಾರ್. ಬ್ರೇಕ್ ಒತ್ತೋಕೇನೂ ತೊಂದ್ರೆ ಇಲ್ಲ. ಸ್ನಾನ ಮಾಡ್ವಾಗ ಮಾತ್ರ ಆ ಕಡೆ ನೋಡಕ್ಕಾಗಲ್ಲ" ಎಂದರು.

ಡಾಕ್ಟರು ಐವತ್ತರ ಸುಮಾರಿನ ಹೆಂಗಸು. ನನ್ನನ್ನು ಮಲಗಿಸಿ, "ಕಣ್ಣು ಮುಚ್ಕೊಳಿ. ನಾನು ಪಾದ ಮುಟ್ಟಿದಾಗೆಲ್ಲ ಹೇಳಿ" ಎಂದರು. ಮುಚ್ಚಿಕೊಂಡೆ. ಇನ್ನೂ ಶುರು ಮಾಡಲಿಲ್ಲವಲ್ಲ, ಏನು ಹುಡುಕುತ್ತಿದ್ದಾರೋ ಎಂದು ಕಾದೆ. ಕೊನೆಗೆ ಕಣ್ಣು ಬಿಟ್ಟು ನೋಡಿದರೆ ಅವರು ಆಗಲೇ ಕುರ್ಚಿಗೆ ಹೋಗಿ ಬರೆಯುತ್ತಿದ್ದರು. ಸರೋಜ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಹತ್ತು ಕಡೆ ಮುಟ್ಟಿದ್ದರಂತೆ. ನಾನು ಒಂದಕ್ಕೂ ಉತ್ತರ ಕೊಟ್ಟಿರಲಿಲ್ಲ.

ನನ್ನ ನಾರ್ಮಲ್ ರಿಪೋರ್ಟುಗಳ ಕಟ್ಟನ್ನು ಮುಂದಿಟ್ಟೆ. ಅವರು ಅದನ್ನು ತಿರುವಿಯೂ ನೋಡದೆ ಬೇರೊಂದು ಪರೀಕ್ಷೆಗೆ ರಕ್ತ ತೆಗೆಸಿದರು. ಎರಡು ದಿನ ಬಿಟ್ಟು ಹೋದಾಗ ಆ ಹಾಳೆ ಅವರ ಕೈಯಲ್ಲಿತ್ತು.

"ನಾಗರಾಜ್ ಅವರೇ, ನೀವು ಮಾಡಿಸ್ತಿದ್ದ ಟೆಸ್ಟು ಅವತ್ತಿನ ಸಕ್ಕರೆ ಹೇಳುತ್ತೆ. ಇದು ಹಿಂದಿನ ಮೂರು ತಿಂಗಳದ್ದು ಹೇಳುತ್ತೆ. ಏನೇನು ತಿಂದಿದೀರಿ ಅಂತ ರಕ್ತ ಬರ್ಕೊಂಡಿರುತ್ತೆ."

ಮೂರು ತಿಂಗಳ ಹಾಜರಿ! ಇಪ್ಪತ್ತು ವರ್ಷ ಇನ್ನೊಬ್ಬರ ಪ್ರಾಕ್ಸಿ ಹಿಡಿದವನು, ತಿಂಗಳಿಗೊಮ್ಮೆ ನನ್ನದೇ ಕಾರ್ಡನ್ನು ನಾನೇ ಸುಳ್ಳು ಪಂಚ್ ಮಾಡಿ ಹೆಂಡತಿಗೆ ತೋರಿಸುತ್ತಿದ್ದೆ. ಸರೋಜ ನನ್ನನ್ನು ನೋಡಿದಳು. ಆ ನೋಟವನ್ನು ನಮ್ಮ ಗೇಟಿನ ಹುಡುಗರು ಗುರುತಿಸುತ್ತಿದ್ದರು. ಅದು ನನ್ನದೇ ನೋಟ.

"ಬೆರಳು ಉಳಿಯುತ್ತಾ ಡಾಕ್ಟ್ರೇ?" ಕೇಳಿದ್ದು ಅವಳು.

"ಮೂಳೆಗೆ ಇಳಿದಿಲ್ಲ. ಆರು ವಾರ ನೋಡೋಣ. ದಿನಾ ಡ್ರೆಸ್ಸಿಂಗ್, ಇನ್ಸುಲಿನ್, ಕಾಲಿಗೆ ರೆಸ್ಟು. ಅನ್ನ, ಮುದ್ದೆ, ಚಪಾತಿ ಮೂರೂ ಒಂದೇ ಮನೆಯವು, ಕಮ್ಮಿ ಮಾಡಿ. ಮೊಟ್ಟೆ, ಸೊಪ್ಪು, ಮಾಂಸ ತಿನ್ತೀರಲ್ಲ, ಅದನ್ನ ಎಣ್ಣೆ ಕಮ್ಮಿ ಹಾಕಿ ತಿನ್ನಿ, ಗಾಯ ತುಂಬ್ಕೋಬೇಕು. ಆರು ವಾರಕ್ಕೆ ಮುಚ್ಚೋ ಲಕ್ಷಣ ಕಂಡ್ರೆ ಸರಿ. ಇಲ್ದಿದ್ರೆ ತೆಗೆಯೋದೇ. ಬೆರಳು ಬಿಟ್ಕೊಟ್ಟು ಪಾದ ಉಳಿಸ್ಕೋಬೇಕಾಗುತ್ತೆ."

ವಾಪಸು ಬರುವ ಬಸ್ಸಿನಲ್ಲಿ ಆ ಪುಟ್ಟ ಬೆರಳಿನ ಮೇಲೆ ನನಗೆ ಎಂದೂ ಇಲ್ಲದ ಪ್ರೀತಿ ಉಕ್ಕಿತು.

ಅಡುಗೆಯ ಕಷ್ಟ ಮರುದಿನವೇ ಶುರುವಾಯಿತು. ನಿಂಬೆಹಣ್ಣಿನಷ್ಟು ಮುದ್ದೆಯನ್ನು ತಟ್ಟೆಯ ಮಧ್ಯೆ ಇಟ್ಟರೆ, ಮುಂದೆ ಇನ್ನೇನೋ ಬರಲಿದೆ ಎಂದು ಕಾಯುತ್ತಾ ಕೂರುವ ಅಭ್ಯಾಸ ನನ್ನದು. ಹಸಿವಾದರೆ ಚಿಂತೆ, ಚಿಂತೆಯಾದರೆ ಹಸಿವು. ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೊರಡುವ ಮನೆಯಲ್ಲಿ ದಿನಾ ಮಾಂಸದಡುಗೆ ಮಾಡುವವರು ಯಾರು? ಮೊಟ್ಟೆ ಬೇಯಿಸಿ ಬೇಯಿಸಿ ಸರೋಜ ಸುಸ್ತಾದಳು.

ಪಕ್ಕದ ಕ್ವಾರ್ಟರ್ಸಿನ ಶಮೀಮಕ್ಕನಿಗೆ ನಮ್ಮ ಮನೆಯ ವಿಷಯ ಕಾಂಪೌಂಡಿನ ಮೇಲೆಯೇ ಗೊತ್ತಾಗುತ್ತದೆ. ಒಂದು ಸಂಜೆ ಆಕೆ ಎರಡು ಕೈಯಲ್ಲೂ ತಬ್ಬಿಕೊಂಡು ಒಂದು ಪಾತ್ರೆ ತಂದರು. ಹೊರಗೆ ತಗಡು, ಒಳಗೆ ಪಿಂಗಾಣಿ, ಮೇಲೆ ಗಾಜಿನ ಮುಚ್ಚಳ, ಒಳಗೆ ಎರಡು ಬೆಳ್ಳುಳ್ಳಿ ಗಡ್ಡೆ.

"ಸ್ಲೋ ಕುಕ್ಕರ್ ಅಂತೆ ಅಣ್ಣ. ನನ್ ತಮ್ಮ ಸೌದಿಯಿಂದ ತಂದಿದ್ದು. ಬೆಳಿಗ್ಗೆ ಇಟ್ಟು ಹೋದ್ರೆ ಮಧ್ಯಾಹ್ನಕ್ಕೆ ತಾನೇ ಬೇಯುತ್ತೆ."

"ನೀವ್ಯಾಕೆ ಬಳಸ್ಲಿಲ್ಲ?"

"ಇದ್ರಲ್ಲಿ ಬಿರಿಯಾನಿ ಇಟ್ರೆ ನಿಕಾಹ್ ಮುಗ್ದು ಮಗು ಅಂಬೆಗಾಲಿಡುತ್ತೆ. ಈರುಳ್ಳಿ ಬೆಳ್ಳುಳ್ಳಿ ಹಾಕಿಟ್ಟಿದ್ದೆ."

ಇನ್ನೊಂದು ಕಾರಣವೂ ಇತ್ತು. ಆಕೆಯ ತಮ್ಮ ಇದರ ಜೊತೆಗೇ ತಂದಿದ್ದ ಮಿಕ್ಸಿಯನ್ನು ಪ್ಲಗ್ಗಿಗೆ ಹಾಕಿದ್ದೇ ಹೊಗೆ ಬಂದು ಸತ್ತಿತ್ತು. ಅಲ್ಲಿಯ ಕರೆಂಟು ನಮ್ಮದರ ಅರ್ಧ. ಕಾರ್ಖಾನೆಯಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಆಕೆಯ ಗಂಡ ರಹಮತ್ ಭಾಯ್ ಗುಜರಿಯಿಂದ ಸಾಮಾನು ತಂದು, ಎರಡು ಸಂಜೆ ಕೂತು ತಂತಿ ಸುತ್ತಿ, ಕರೆಂಟನ್ನು ಅರ್ಧಕ್ಕಿಳಿಸುವ ಒಂದು ಟ್ರಾನ್ಸ್‌ಫಾರ್ಮರ್ ಮಾಡಿಕೊಟ್ಟರು. ಇಟ್ಟಿಗೆಯಷ್ಟು ತೂಕ. ಆನ್ ಮಾಡಿದರೆ ಜೇನುಗೂಡಿನಂತೆ ಗುಂಯ್ ಎನ್ನುತ್ತಿತ್ತು.

"ಬೆಂಕಿ ಹತ್ಕೊಳಲ್ವಾ ಭಾಯ್?" ಅಂದೆ.

"ಸಾಬ್, ನೀವು ಹತ್ತಿರ ನಿಂತ್ರೆ ಮಾತ್ರ ಡೌಟು. ಅದಕ್ಕೂ ಟೆನ್ಷನ್ ಬರುತ್ತೆ."

ಕುಕ್ಕರಿನ ಜೊತೆಗಿದ್ದ ಇಂಗ್ಲಿಷ್ ಪುಸ್ತಿಕೆಯಲ್ಲಿ ಕಂದು ಬಣ್ಣದ ಒಂದು ದಿಂಬಿನ ಚಿತ್ರವಿತ್ತು. ಕೊಚ್ಚಿದ ಮಾಂಸವನ್ನು ನಾದಿ, ಹೊಟ್ಟೆಯೊಳಗೆ ಏನಾದರೂ ತುಂಬಿ, ಹಾಗೇ ಇಡಿಯಾಗಿ ಬೇಯಿಸುವುದು. ಹೋಳು ಕತ್ತರಿಸಿ ತಿನ್ನುವುದು. ಬ್ರೆಡ್ಡಿನ ಪುಡಿ ಸೇರಿಸಿ ಎಂದಿತ್ತು. ಅದು ನನಗೆ ನಿಷಿದ್ಧ. ನಮ್ಮ ಕೈಮಾ ಉಂಡೆಗೆ ಹಾಕುವ ಹುರಿಗಡಲೆಯನ್ನೂ ಸರೋಜ ಕೈಬಿಟ್ಟಳು.

ಭಾನುವಾರ ಮೊದಲ ದಿಂಬು. ಕೈಮಾ, ಈರುಳ್ಳಿ, ಹಸಿಮೆಣಸು, ಶುಂಠಿ ಬೆಳ್ಳುಳ್ಳಿ, ಕೊತ್ತಂಬರಿ ಎಲ್ಲ ಕಲಸಿ, ನಡುವೆ ಬೇಯಿಸಿದ ಎರಡು ಮೊಟ್ಟೆ ಹುದುಗಿಸಿ ಕುಕ್ಕರಿಗೆ ಇಳಿಸಿದಳು. ಪುಸ್ತಿಕೆಯಲ್ಲಿ ನೀರು ಹಾಕಿ ಎಂದು ಎಲ್ಲಿಯೂ ಇರಲಿಲ್ಲ. ಆದರೆ ಇಪ್ಪತ್ತು ವರ್ಷ ಪ್ರೆಷರ್ ಕುಕ್ಕರ್ ಇಟ್ಟ ಕೈ ಕೇಳಬೇಕಲ್ಲ. "ನೀರಿಲ್ದೆ ಕುಕ್ಕರ್ ಇಡ್ತಾರೇನ್ರಿ ಯಾರಾದ್ರೂ?" ಎನ್ನುತ್ತಾ ಎರಡು ಲೋಟ ಸುರಿದಳು. ನಾನು ವಿಷಲ್ ಎಷ್ಟು ಎಂದು ಕೇಳಿದೆ. ವಿಷಲ್ ಇಲ್ಲವೆಂದು ಗೊತ್ತಾದ ಮೇಲೆ ಬೇಯುತ್ತಿದೆಯೋ ಇಲ್ಲವೋ ಎಂದು ಅರ್ಧ ಗಂಟೆಗೊಮ್ಮೆ ಮುಚ್ಚಳ ತೆಗೆದು ನೋಡಿದೆ. ಸಂಜೆಗೆ ತೆಳ್ಳನೆಯ ಸಾರಿನಲ್ಲಿ ಕೈಮಾ ಚೆದುರಿ, ಎರಡು ಮೊಟ್ಟೆ ತೇಲುತ್ತಿದ್ದವು. ಕಾಂಪೌಂಡಿನಾಚೆಯಿಂದ ಇಣುಕಿದ ಶಮೀಮಕ್ಕ, "ದಿಂಬು ಎಲ್ಲಿ ಸರೋಜಮ್ಮ? ಇದು ನೆನೆದ ಹಾಸಿಗೆ" ಎಂದರು.

ಎರಡನೆಯ ಸಲ ಮೂರೂ ಜನ ಸೇರಿ ಯೋಚಿಸಿದೆವು. ಈರುಳ್ಳಿಯನ್ನು ಬಟ್ಟೆಯಲ್ಲಿ ಹಿಂಡಿ ನೀರು ತೆಗೆದದ್ದು ಶಮೀಮಕ್ಕ. ಹುರಿದ ಅಗಸೆ ಬೀಜದ ಪುಡಿ ಅಂಟು ಬಿಡುತ್ತದೆ ಎಂದು ನೆನಪಿಸಿಕೊಂಡದ್ದು ಸರೋಜ. ಅವಳ ಶಾಲೆಯ ಹುಬ್ಬಳ್ಳಿ ಕಡೆಯ ಟೀಚರೊಬ್ಬರು ಅಗಸೆ ಚಟ್ನಿಪುಡಿ ತರುತ್ತಿದ್ದರು. ಮೂರು ಚಮಚ ಅಗಸೆ ಪುಡಿ, ಒಂದು ಹಸಿ ಮೊಟ್ಟೆ. ನಾದಿದಾಗ ಕೈಮಾ ಹಿಟ್ಟಿನಂತೆ ಒಂದಾಯಿತು. ಬಾಡಿಸಿದ ಬಾಳೆಎಲೆಯ ಮೇಲೆ ಅದನ್ನು ತಟ್ಟಿ, ಬಾಡಿಸಿದ ಮೆಂತ್ಯ ಸೊಪ್ಪು ಹರಡಿ, ಬೇಯಿಸಿದ ಮೊಟ್ಟೆಗಳನ್ನು ಸಾಲಾಗಿ ಮಲಗಿಸಿ, ಎಲೆಯ ಸಮೇತ ಸುರುಳಿ ಸುತ್ತಿ ಅಂಚು ಒತ್ತಿದಳು. ಕುಕ್ಕರಿನ ತಳಕ್ಕೆ ಇಡ್ಲಿ ತಟ್ಟೆ ಬೋರಲು ಹಾಕಿ ಅದರ ಮೇಲೆ ದಿಂಬು. ಒಂದು ತೊಟ್ಟೂ ನೀರಿಲ್ಲ. ನನ್ನ ಪಾಲಿನ ಕೆಲಸ ಮುಚ್ಚಳ ಮುಟ್ಟದಿರುವುದು. ಅಂದಿನ ಅಡುಗೆಯಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಅದೇ.

ಕಾರ್ಖಾನೆಯ ಬೆಳಗಿನ ಸೈರನ್ನಿಗೆ ಸ್ವಿಚ್ ಹಾಕಿದರೆ ಮಧ್ಯಾಹ್ನದ ಶಿಫ್ಟಿನ ಸೈರನ್ನಿಗೆ ತೆಗೆಯುವುದು ಎಂದು ಗೊತ್ತು ಮಾಡಿದೆವು. ತೆಗೆದು, ಪೂರ್ತಿ ಆರಲು ಬಿಟ್ಟು, ಸರೋಜ ಹೊಲಿಗೆ ದಾರದಲ್ಲಿ ಹೋಳು ಕತ್ತರಿಸಿದಳು. ಕಂದು ಬಣ್ಣದ ಸುತ್ತು, ಒಳಗೆ ಹಸಿರು ಸುತ್ತು, ನಡುವೆ ಬಿಳಿ, ಅದರ ನಡುವೆ ಹಳದಿ. ಎರಡು ಹೋಳು, ಹುರುಳಿಕಾಯಿ ಪಲ್ಯ, ಒಂದು ಹಿಡಿ ಅನ್ನ. ಎಷ್ಟೋ ದಿನಗಳ ಮೇಲೆ ಊಟವಾಯಿತು ಎಂದು ಹೊಟ್ಟೆ ಒಪ್ಪಿಕೊಂಡಿತು. ಮರುದಿನ ಉಳಿದ ಹೋಳನ್ನು ಡಬ್ಬಿಯಲ್ಲಿ ಒಯ್ದು ತಿಂದವನು, ಸಂಜೆ ನಾಲ್ಕಕ್ಕೆ ಆಫೀಸಿಗೆ ಕ್ಯಾಂಟೀನ್ ಬೋಂಡಾದ ವಾಸನೆ ಬಂದಾಗಲೂ ಕುರ್ಚಿಯಲ್ಲೇ ಕೂತಿದ್ದೆ.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿತ್ತು. ಆದರೆ ಮೂರನೆಯ ವಾರದ ತಪಾಸಣೆ ಬಂತು. ಹಳೆಯ ಚಾಳಿ ಎದ್ದು ಕೂತಿತು. ಹೇಗೂ ರಕ್ತ ನೋಡುತ್ತಾರೆ, ಸ್ವಲ್ಪ ಚೆನ್ನಾಗಿ ಕಾಣಲಿ! ಹಿಂದಿನ ರಾತ್ರಿ ಕ್ಯಾಂಟೀನಿನಲ್ಲಿ ತಿಂದೆ ಎಂದು ಸರೋಜಳಿಗೆ ಸುಳ್ಳು ಹೇಳಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದಾರೆ ಎಂದು ಇನ್ನೊಂದು ಸುಳ್ಳು. ಇನ್ಸುಲಿನ್ ಮಾತ್ರ ಎರಡೂ ಹೊತ್ತು, ಅವಳ ಕಣ್ಣಿಗೆ ಬೀಳದಂತೆ, ಶಿಸ್ತಾಗಿ ಚುಚ್ಚಿಕೊಂಡೆ. ಊಟವಿಲ್ಲದೆ ಆ ಸೂಜಿ ಏನು ಮಾಡುತ್ತದೆ ಎಂದು ಡಾಕ್ಟರು ಇಬ್ಬರಿಗೂ ಹೇಳಿದ್ದರು. ಕೇಳಿಸಿಕೊಂಡಿದ್ದವಳು ಸರೋಜ.

ಬಸ್ಸು ಭದ್ರಾವತಿ ದಾಟಿ ಸ್ವಲ್ಪ ದೂರ ಹೋಗಿತ್ತು. ಬೆವರು ಸುರಿಯತೊಡಗಿತು. ಕಿಟಕಿಯಾಚೆಯ ಮರಗಳು ನಿಂತುಬಿಟ್ಟವು, ನಾನೊಬ್ಬನೇ ಓಡುತ್ತಿದ್ದೆ. ಸರೋಜ ಏನೋ ಕೇಳುತ್ತಿದ್ದಳು, ಮಾತು ದೂರದ ಕೋಣೆಯಿಂದ ಬರುತ್ತಿತ್ತು.

"ಯಾರ ಹತ್ರನಾದ್ರೂ ಸಿಹಿ ಇದ್ಯಾ? ಏನಾದ್ರೂ ಸಿಹಿ!"

ಮುಂದಿನ ಸೀಟಿನ ಅಜ್ಜಿಯೊಬ್ಬರ ಚೀಲದಲ್ಲಿ ಬೆಲ್ಲದ ಅಚ್ಚಿತ್ತು. "ಸಕ್ರೆ ಕಾಯ್ಲೆಯೋರಿಗೆ ಬೆಲ್ಲ ಕೊಡ್ಬಾರ್ದಲ್ವೇನಮ್ಮ?"

"ಈಗ ಕೊಡ್ಬೇಕು ಅಜ್ಜಿ, ಕೊಡಿ, ಕೊಡಿ!"

ಬಾಯಿಗೆ ತುರುಕಿದ ಬೆಲ್ಲ ಕರಗುತ್ತಾ ಕರಗುತ್ತಾ ಮರಗಳು ಮತ್ತೆ ಓಡಲು ಶುರು ಮಾಡಿದವು. ಕಣ್ಣು ತಿಳಿಯಾದಾಗ ಕಂಡದ್ದು ಸರೋಜಳ ಮುಖ. ಬೈಗುಳವೇ ಇಲ್ಲದ ಮುಖ. ಅದರಷ್ಟು ಹೆದರಿಕೆ ನನಗೆ ಯಾವ ಬೀಗವೂ ಯಾವ ಸಿಲಿಂಡರೂ ಹುಟ್ಟಿಸಿರಲಿಲ್ಲ.

ಡಾಕ್ಟರು ಎಲ್ಲ ಕೇಳಿ, "ನೀವು ಸಕ್ಕರೆಯಿಂದ ಸಾಯಲ್ಲ ನಾಗರಾಜ್, ಬುದ್ಧಿವಂತಿಕೆಯಿಂದ ಸಾಯ್ತೀರಿ" ಎಂದರು. ಗಾಯ ನೋಡಿ, "ಹಿಂದೆ ಹೋಗಿಲ್ಲ, ಮುಂದೂ ಬಂದಿಲ್ಲ. ಇನ್ನು ಮೂರು ವಾರ" ಎಂದರು.

ಎರಡು ದಿನ ಕಳೆದು ಭೀಮನ ಅಮಾವಾಸ್ಯೆ. ಅಂದು ಹೆಂಡತಿ ಗಂಡನ ಪಾದಪೂಜೆ ಮಾಡುವುದು ನಮ್ಮ ಕಡೆಯ ಪದ್ಧತಿ. ಸರೋಜ ಎರಡು ದಿನದಿಂದ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದಳು. ಈ ಸಲ ಪೂಜೆ ಇರಲಾರದು ಎಂದುಕೊಂಡಿದ್ದೆ. ಬೆಳಿಗ್ಗೆ ಸ್ನಾನ ಮಾಡಿ ಬಂದರೆ ಮಣೆ ಹಾಕಿತ್ತು, ತಾಮ್ರದ ಚೊಂಬಿನಲ್ಲಿ ನೀರಿತ್ತು.

ಬಲಗಾಲನ್ನು ತೊಳೆದಳು. ಅರಿಶಿನ ಕುಂಕುಮ ಇಟ್ಟಳು. ಎಡಗಾಲಿನ ಹತ್ತಿರ ಕೈ ನಿಂತಿತು. ಬ್ಯಾಂಡೇಜು ನೆನೆಯುವಂತಿರಲಿಲ್ಲ. ಬ್ಯಾಂಡೇಜಿನಾಚೆ ಒಂದು ಹೂವಿಟ್ಟು, ಕೈಯನ್ನು ಅಲ್ಲೇ ಬಿಟ್ಟು ಕೂತಳು.

"ವರ್ಷಕ್ಕೆ ಒಂದು ದಿನ ನಾನು ಈ ಪಾದ ನೋಡ್ತೀನಿ. ನಿಮ್ದೇ ಪಾದ, ನೀವು ಒಂದು ದಿನಾನೂ ನೋಡ್ಲಿಲ್ಲ."

ಏನಾದರೂ ಹೇಳಬೇಕಲ್ಲ ಎಂದು, "ನಾಳೆಯಿಂದ ಶ್ರಾವಣ. ಕುಕ್ಕರ್ ಶಮೀಮಕ್ಕಂಗೆ ವಾಪಸ್ ಕೊಟ್ಬಿಡೋಣ, ಒಂದು ತಿಂಗಳು ಹೇಗೋ ತಳ್ತೀನಿ" ಅಂದೆ. ಶ್ರಾವಣದಲ್ಲಿ ನಮ್ಮ ಮನೆಯೊಳಗೆ ಮೊಟ್ಟೆಯ ಚಿಪ್ಪೂ ಬರುವುದಿಲ್ಲ. ಅವಳು ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ.

ಅವಳು ತಲೆ ಎತ್ತಿದಳು. "ಶ್ರಾವಣ ವರ್ಷಾ ವರ್ಷಾ ಬರುತ್ತೆ. ಬೆರಳು ಬರುತ್ತೇನ್ರಿ?"

ಸಂಜೆ ಶಮೀಮಕ್ಕ ತಾವಾಗಿಯೇ ಕಾಂಪೌಂಡಿಗೆ ಬಂದು ಉಪಾಯ ಹೇಳಿದರು. "ಸರೋಜಮ್ಮ, ನಿಮ್ ಪೂಜೆ ತಿಂಗಳು. ದಿಂಬು ನಾನು ನಮ್ಮನೇಲಿ ಮಾಡ್ತೀನಿ. ಅಣ್ಣ ಇಲ್ಲೇ ಬಂದು ತಿನ್ಲಿ, ದೇವ್ರಿಗೂ ಗೊತ್ತಾಗಲ್ಲ."

"ಬೇಡ ಶಮೀಮಕ್ಕ. ಮುಚ್ಚಿಟ್ಟು ಮುಚ್ಚಿಟ್ಟೇ ಇವ್ರು ಇಲ್ಲಿಗೆ ಬಂದಿರೋದು. ದೇವ್ರಿಗೆ ಗೊತ್ತಾಗಿ ಮಾಡ್ತೀನಿ. ಅಲ್ಲೂ ಪ್ರಾಕ್ಸಿ ಬೇಡ."

ಹಾಗೇ ಮಾಡಿದಳು. ತಾನು ಶ್ರಾವಣದ ಊಟವೇ ಉಂಡಳು. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಆಮೇಲೆ ಹಿತ್ತಲ ಕಟ್ಟೆಯ ಮೇಲೆ ಕೈಮಾ ನಾದಿದಳು. ಸೋಮವಾರ, ಶನಿವಾರಗಳಂದು ದಿಂಬಿನ ಬದಲು ಸೋಯಾ ಕಾಳು, ಪನೀರು, ಸೊಪ್ಪು. ಅಷ್ಟು ಮಾತ್ರ ದೇವರ ಹತ್ತಿರ ರಾಜಿ ಮಾಡಿಕೊಂಡಿದ್ದಳು. ವರಮಹಾಲಕ್ಷ್ಮಿ ಹಬ್ಬದಂದು ಒಬ್ಬಟ್ಟಿನ ತಟ್ಟೆ ಹಿಡಿದು ಬಂದ ಓಣಿಯ ಹೆಂಗಸೊಬ್ಬರಿಗೆ ಹಿತ್ತಲಿನ ವಾಸನೆ ಹೊಡೆಯಿತು. "ಏನ್ ಸರೋಜ, ಶ್ರಾವಣದಲ್ಲಿ?" ಎಂದರು. "ಔಷಧಿ ಕಾಯಿಸ್ತಿದೀನಿ" ಎಂದಳು ನಮ್ಮವಳು, ಒಬ್ಬಟ್ಟನ್ನು ನನಗೆ ಸಿಗದ ಕಡೆ ಇಡುತ್ತಾ.

ನಾನು ಆ ಮೂರು ವಾರ ಒಂದು ಹೊತ್ತೂ ತಪ್ಪಿಸಲಿಲ್ಲ. ಹೆದರಿಕೆಯಿಂದ ಎಂದು ಹೇಳಿದರೆ ಅರ್ಧ ನಿಜ. ಆ ತಿಂಗಳು ನನ್ನ ತಟ್ಟೆಗೆ ಬೀಳುತ್ತಿದ್ದ ಪ್ರತಿ ಹೋಳೂ ಅವಳ ಒಂದು ವ್ರತವನ್ನು ತುಂಡು ಮಾಡಿ ಬರುತ್ತಿತ್ತು. ಅಂಥದ್ದನ್ನು ತಿನ್ನದೆ ಏಳುವ ಧೈರ್ಯ ಯಾರಿಗಿದೆ?

ಆರನೆಯ ವಾರ ಅದೇ ಬೆಂಚು. ಹೊಟ್ಟೆ ತುಂಬ ತಿಂದು ಹೋಗಿದ್ದೆ. ಡಾಕ್ಟರು ಬ್ಯಾಂಡೇಜು ಬಿಚ್ಚಿ, ದೀಪ ಹತ್ತಿರ ಎಳೆದು, ಬಹಳ ಹೊತ್ತು ನೋಡಿದರು. ನಾನು ಕೋಣೆಯ ಫ್ಯಾನಿನ ಸುತ್ತು ಎಣಿಸುತ್ತಿದ್ದೆ.

"ಬನ್ನಿ ಟೀಚರೇ, ನೀವೂ ನೋಡಿ" ಎಂದು ಸರೋಜಳನ್ನು ಕರೆದರು. "ಈ ಗುಲಾಬಿ ಬಣ್ಣ ಕಾಣುತ್ತಲ್ಲ? ಒಳಗಿಂದ ತುಂಬ್ತಾ ಬಂದಿದೆ. ಬೆರಳು ಇರುತ್ತೆ."

ಸರೋಜ ಬಗ್ಗಿ ನೋಡಿದಳು. ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಕನ್ನಡಕದಲ್ಲಿ ಧೂಳೇನೂ ಇರಲಿಲ್ಲ.

ಪೂರ್ತಿ ಮುಚ್ಚಲು ಇನ್ನೂ ಎರಡು ತಿಂಗಳು ಹಿಡಿಯಿತು. ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಇನ್ಸುಲಿನ್ ಇದೆ, ವಾರಕ್ಕೆ ಎರಡು ದಿಂಬು ಇವೆ, ರಹಮತ್ ಭಾಯ್ ಅವರ ಟ್ರಾನ್ಸ್‌ಫಾರ್ಮರ್ ಇನ್ನೂ ಗುಂಯ್ ಎನ್ನುತ್ತದೆ. ಮೂರು ತಿಂಗಳ ಪರೀಕ್ಷೆಯಲ್ಲಿ ನಾನೀಗ ಪಾಸಾಗುತ್ತೇನೆ, ಫಸ್ಟ್ ಕ್ಲಾಸಲ್ಲಲ್ಲ. ಪಾದದಲ್ಲಿ ಸ್ಪರ್ಶ ಹೆಚ್ಚೇನೂ ವಾಪಸು ಬಂದಿಲ್ಲ. ಕಾಲಿಗೆ ಗೊತ್ತಾಗದ್ದನ್ನು ಕಣ್ಣು ನೋಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೇ ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಮಣೆಯ ಮೇಲೆ ಕೂತು, ಅಂಗೈ ಕನ್ನಡಿಯನ್ನು ಪಾದದಡಿ ಹಿಡಿದು, ಒಂದೊಂದೇ ಬೆರಳ ಸಂದಿ ಬಿಡಿಸಿ ನೋಡುತ್ತೇನೆ. ಕೊನೆಗೆ ಎಡಗಾಲಿನ ಕಿರುಬೆರಳು. ಬದಿಯಲ್ಲಿ ಒಂದು ಕಲೆ, ಉಗುರು ಸ್ವಲ್ಪ ಸೊಟ್ಟ. ಅದನ್ನು ನೋಡಲು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಳ್ಳುತ್ತೇನೆ.

ಆಗ ಅಡುಗೆಮನೆಯಿಂದ, ಶಾಲೆಯಲ್ಲಿ ಮಕ್ಕಳ ಹೆಸರು ಕೂಗುವ ಅದೇ ಧ್ವನಿಯಲ್ಲಿ ಕೇಳುತ್ತಾಳೆ.

"ರೀ, ಹತ್ತೂ ಹಾಜರಾ?"

"ಹತ್ತೂ ಹಾಜರು, ಮಾರಾಯ್ತಿ."

"ನೋಡಿ ಹೇಳ್ತಿದೀರೋ, ಕೂತಲ್ಲೇ ಹೇಳ್ತಿದೀರೋ?"

ನಾನು ಇನ್ನೊಂದು ಸಲ ನೋಡುತ್ತೇನೆ.